ರೊಟ್ಟಿ ಬಡಿದಾಕೆಯ ಊಟ ಆಯಿತೇ?

(ಕ್ರಿಸ್ತರ ಪರಮ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದಂದು ನೀಡಿದ ಪ್ರಬೋಧನೆ)



ತಾಯಿ ಧರ್ಮಸಭೆ ಇಂದು ಪರಮಪ್ರಸಾದದ ಮಹೋತ್ಸವವನ್ನು ಆಚರಿಸುತ್ತಿದೆ. ಪ್ರಭು ರೊಟ್ಟಿಯನ್ನು ಕೈಗೆತ್ತಿಕೊಂಡರು, ತಂದೆಗೆ ಸ್ತೋತ್ರ ಸಲ್ಲಿಸಿದರು, ಮುರಿದರು, ಶಿಷ್ಯರಿಗೆ ಕೊಟ್ಟರು. ಈ ಹಬ್ಬದಂದು ಗುರುಗಳು ಸಾಮಾನ್ಯವಾಗಿ ಈ ನಾಲ್ಕು ಕಾರ್ಯಗಳನ್ನು ಕುರಿತು ಪ್ರಬೋಧನೆ ಮಾಡುತ್ತಾರೆ. ಇಂದು ನಾವು ಅದಕ್ಕೂ ಒಂದು ಹೆಜ್ಜೆ ಹಿಂದೆ ಹೋಗೋಣ. ಪ್ರಭುವಿನ ಕೈಗೆ ಬರುವ ಮೊದಲು ಆ ರೊಟ್ಟಿ ಯಾರ ಕೈಯಲ್ಲಿತ್ತು? ಯಾರು ಹಿಟ್ಟು ಬೀಸಿದರು, ಯಾರು ಕಲಸಿದರು, ಯಾರ ಬೆರಳಿಗೆ ಬಿಸಿ ತಾಗಿತು? ಶುಭಸಂದೇಶಕಾರರು ನಾಲ್ವರೂ ಆ ಹೆಸರನ್ನು ಬರೆದಿಲ್ಲ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ? ರೊಟ್ಟಿ ಚೆನ್ನಾಗಿದ್ದರೆ ಜೋಳ ಚೆನ್ನಾಗಿದೆ ಎನ್ನುತ್ತೇವೆ. ಕೆಟ್ಟರೆ ಮಾತ್ರ ಬಡಿದವಳ ಹೆಸರು ನೆನಪಾಗುತ್ತದೆ.

ನಾನು ಕರಾವಳಿಯ ಕಡೆ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವನು. ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದೆ. ಪರಮಪ್ರಸಾದದ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳಿದ್ದವು, ಆದರೆ ರೊಟ್ಟಿ ಹೇಗೆ ಆಗುತ್ತದೆ ಎಂಬ ಪಾಠ ಯಾವುದರಲ್ಲೂ ಇರಲಿಲ್ಲ. ಆ ಪಾಠ ಸಿಕ್ಕಿದ್ದು ಈ ಭೀಮೆ-ಕೃಷ್ಣೆಯರ ನಾಡಿನಲ್ಲಿ, ಯಾದಗಿರಿ, ಶಹಾಪುರ, ಸುರಪುರದ ನಿಮ್ಮ ಅಡುಗೆಮನೆಗಳ ಹೊಸ್ತಿಲಲ್ಲಿ ಕುಳಿತಾಗ. ತಾಯಂದಿರೇ, ನಿಮಗೆ ಗೊತ್ತಿರುವುದನ್ನೇ ಈಗ ನಿಮಗೆ ಹೇಳಲು ಹೊರಟಿದ್ದೇನೆ, ನಗಬೇಡಿ. ಇದು ಮುಖ್ಯವಾಗಿ ಗಂಡಸರು ಕೇಳಲಿ ಎಂದು.

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ನೀರು ಬೆರೆಸಿ ನಾದಿದರೆ ಅದು ತಾನಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಹಾಗಾಗಿ ಚಪಾತಿಯನ್ನು ಲಟ್ಟಣಿಗೆಯಲ್ಲಿ ಎಳೆದಷ್ಟೂ ಎಳೆಯಬಹುದು. ಜೋಳದಲ್ಲಿ ಈ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ. ಅದಕ್ಕೇ ನೀವು ಎಸರು ಇಡುತ್ತೀರಿ. ಕುದಿಯುವ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಅರ್ಧಂಬರ್ಧ ಬೆಂದು ಜಿಗುಟಾಗುತ್ತದೆ. ಧಾನ್ಯದಲ್ಲಿಲ್ಲದ ಅಂಟನ್ನು ನೀರು, ಬೆಂಕಿ ಮತ್ತು ಕೈ ಸೇರಿ ಹುಟ್ಟಿಸುತ್ತವೆ. ಎಸರು ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುತ್ತದೆ, ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿರುತ್ತದೆ, ಆಗ ಎಸರು ಹೆಚ್ಚು ಬೇಕು. ಹಿಂಗಾರಿನ ಬಿಳಿಜೋಳಕ್ಕೆ ಒಂದು ಲೆಕ್ಕ, ಮುಂಗಾರಿನ ಹೈಬ್ರಿಡ್ ಜೋಳಕ್ಕೆ ಇನ್ನೊಂದು ಲೆಕ್ಕ. ಇದನ್ನು ಯಾರೂ ಲೋಟದಲ್ಲಿ ಅಳೆಯುವುದಿಲ್ಲ. ಬೆರಳು ಹಿಟ್ಟನ್ನು ಮುಟ್ಟಿದ ಕೂಡಲೇ ತಿಳಿಯುತ್ತದೆ.

ನಂತರ ನಾದುವುದು. ಅಂಗೈಯ ಬುಡದಿಂದ ತಳ್ಳಿ, ಮಡಚಿ, ಮತ್ತೆ ತಳ್ಳಿ, ಒಂದು ರೊಟ್ಟಿಗೆ ಬೇಕಾದಷ್ಟನ್ನೇ ನಾದುತ್ತೀರಿ. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಕಡೆಯ ರೊಟ್ಟಿಯ ಹೊತ್ತಿಗೆ ಹಿಟ್ಟು ಒಣಗಿರುತ್ತದೆ. ಮೇಲೆ ಒಣಹಿಟ್ಟು ಉದುರಿಸಿ ಬಡಿಯಲು ತೊಡಗಿದರೆ ರೊಟ್ಟಿ ತಾನಾಗಿಯೇ ಸುತ್ತ ತಿರುಗುತ್ತದೆ! ನಾನು ಬಹಳ ಹೊತ್ತು ನೋಡಿದ್ದೇನೆ, ಯಾರೂ ಅದನ್ನು ಹಿಡಿದು ತಿರುಗಿಸುವುದಿಲ್ಲ. ಪ್ರತಿ ಪೆಟ್ಟಿನ ಕೊನೆಯಲ್ಲಿ ಅಂಗೈ ಕೊಂಚ ಓರೆಯಾಗುತ್ತದೆ, ಅಷ್ಟಕ್ಕೇ ರೊಟ್ಟಿ ಒಂದು ಬೆರಳಿನಷ್ಟು ಸರಿಯುತ್ತದೆ. ನಡು ದಪ್ಪವಾಗಬಾರದು, ಅಂಚು ತೆಳ್ಳಗಾಗಬಾರದು. ಆಮೇಲೆ ಎರಡೂ ಅಂಗೈಗಳ ಮೇಲೆ ಎತ್ತಿ, ಹರಿಯದಂತೆ ಹಂಚಿನ ಮೇಲೆ ಇಳಿಸಬೇಕು. ಹಿಟ್ಟು ಹತ್ತಿದ ಮೈ ಮೇಲಕ್ಕೆ ಬಂದಿರುತ್ತದೆ. ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿ ಆ ಹಿಟ್ಟನ್ನು ತೊಳೆಯುತ್ತೀರಿ. ನೀರು ಆರುವಷ್ಟರಲ್ಲಿ ಮಗುಚಬೇಕು. ತಡವಾದರೆ ಬಿರಿಯುತ್ತದೆ, ಬೇಗನಾದರೆ ಅಂಟಿಕೊಳ್ಳುತ್ತದೆ. ಕೊನೆಗೆ ಒಳಗಿನ ತೇವ ಆವಿಯಾಗಿ ಎರಡು ಪದರಗಳ ನಡುವೆ ನುಗ್ಗಿ ರೊಟ್ಟಿ ಉಬ್ಬುತ್ತದೆ. ಎಲ್ಲಾದರೂ ಸಾಸಿವೆಯಷ್ಟು ತೂತಿದ್ದರೂ ಆವಿ ಹೊರಗೆ ಹೋಗಿ ರೊಟ್ಟಿ ಸಪ್ಪಗೆ ಮಲಗುತ್ತದೆ. ಆ ತೂತನ್ನು ನೋಡಿ ಬರಿ ಬೆರಳಿನಿಂದ ಒತ್ತಿ ಹಿಡಿಯುವವರೂ ನಿಮ್ಮಲ್ಲಿದ್ದಾರೆ. ಅವರ ಬೆರಳ ತುದಿಗಳನ್ನು ನೀವೇ ನೋಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ಮನೆಗೆ ದಿನಕ್ಕೆ 20 ರೊಟ್ಟಿ ಎಂದು ಹಿಡಿಯಿರಿ. ವರ್ಷಕ್ಕೆ 7,300 ಆಯಿತು. ಹದಿನೈದರ ಹರೆಯದಿಂದ ಐವತ್ತೈದರವರೆಗೆ ನಲವತ್ತು ವರ್ಷ ಬಡಿದರೆ 2,92,000. ಇಷ್ಟು ಬಾರಿ ಒಂದೇ ಕೆಲಸವನ್ನು ಮಾಡಿದ ಶಿಲ್ಪಿಯನ್ನಾಗಲಿ ನೇಕಾರನನ್ನಾಗಲಿ ನಾವು ಕಲಾವಿದ ಎಂದು ಕರೆದು ಶಾಲು ಹೊದಿಸುತ್ತೇವೆ. ರೊಟ್ಟಿ ಬಡಿಯುವವಳನ್ನು ಕೇಳಿದರೆ "ಏನೂ ಕೆಲಸ ಇಲ್ರಿ, ಮನ್ಯಾಗ ಇರ್ತೀನಿ" ಎನ್ನುತ್ತಾಳೆ. ಜನಗಣತಿಗೆ ಬಂದವರೂ ಹಾಗೆಯೇ ಬರೆದುಕೊಂಡು ಹೋಗುತ್ತಾರೆ. ಹೆಣ್ಣು ನೋಡಲು ಬಂದವರು "ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತದೇನು?" ಎಂದು ಮೊದಲು ಕೇಳುತ್ತಾರೆ. ಬಂದರೆ ಅದು ದೊಡ್ಡದಲ್ಲ, ಬಾರದಿದ್ದರೆ ದೊಡ್ಡ ಕೊರತೆ! ಹುಡುಗನಿಗೆ ಏನು ಬರುತ್ತದೆ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಈ ಕೈಗಳ ಜೊತೆ ಉಪಕರಣಗಳ ಒಂದು ಸಂಸಾರವೇ ಇದೆ. ಹಿಟ್ಟು ನಾದುವ ಮರದ ಕೊಣಮಿಗೆ ಬಡಿಗೇರರು ಕೊರೆದದ್ದು. ಕಬ್ಬಿಣದ ಹಂಚು ಕಂಬಾರರು ಬಡಿದದ್ದು. ಜೋಳ ಹಸನು ಮಾಡುವ ಮೊರ, ರೊಟ್ಟಿ ಇಡುವ ಬುಟ್ಟಿ ಮೇದಾರರು ಹೆಣೆದದ್ದು. ಕೃಷ್ಣಾ ತೀರದ ತಿಂಥಣಿಯ ಮೌನೇಶ್ವರರ ಜಾತ್ರೆಗೆ ಹೋದವರಿಗೆ ಗೊತ್ತು, ಮರ-ಕಬ್ಬಿಣದ ಕಸುಬಿನವರು ಅವರನ್ನು ಎಷ್ಟು ಭಕ್ತಿಯಿಂದ ಗುರುವೆಂದು ಕಾಣುತ್ತಾರೆಂದು. ಅಲ್ಲಿಗೆ ಮುಸಲ್ಮಾನರೂ ಹೋಗುತ್ತಾರೆ. ನಮ್ಮ ಪ್ರಭುವೂ ಬಡಿಗನ ಮನೆಯಲ್ಲೇ ಬೆಳೆದವರು. 2ನೇ ಶತಮಾನದ ಸಂತ ಜಸ್ಟಿನ್, ಯೇಸು ನೇಗಿಲು ಮತ್ತು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾರೆ. ನೇಗಿಲು ಮಾಡಿದ ಕೈ ನಾಜರೇತಿನ ಯಾವುದೋ ಮನೆಗೆ ಹಿಟ್ಟು ಕಲಸುವ ಮರಿಗೆಯನ್ನೂ ಮಾಡಿರಬಹುದು ಎಂದು ಕಲ್ಪಿಸಿಕೊಂಡರೆ ತಪ್ಪಿಲ್ಲ.

ಬೀಸುಕಲ್ಲನ್ನು ಮರೆಯುವಂತಿಲ್ಲ. ಈಗ ಅದು ಹಿತ್ತಿಲಲ್ಲಿ, ಕೋಳಿ ನೀರು ಕುಡಿಯುವ ಜಾಗದಲ್ಲಿ ಇದೆ. ಗಿರಣಿ ಬಂದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಬೆಳಗಿನ ನಾಲ್ಕಕ್ಕೆ ಎದ್ದು ಬೀಸಿದ ಭುಜಗಳ ನೋವನ್ನು ಹಾಡಿನ ಹೆಸರಿನಲ್ಲಿ ಹೊಗಳುವುದು ಉಂಡು ಕುಳಿತವರ ಮಾತು. ಆದರೂ ಆ ಕಲ್ಲಿನೊಳಗಿನ ವಿದ್ಯೆ ಸಣ್ಣದಾಗಿರಲಿಲ್ಲ. ಬೀಸಿ ಬೀಸಿ ಮೈ ನುಣುಪಾದರೆ ಕಲ್ಲು ಕಾಳನ್ನು ಅರೆಯುವುದಿಲ್ಲ, ಜಾರಿಸುತ್ತದೆ. ಆಗ ಕಲ್ಲುಕುಟಿಗ ಊರಿಗೆ ಬಂದು ಉಳಿಯಿಂದ ಅದರ ಮೈಗೆ ಮತ್ತೆ ಕಚ್ಚು ಹಾಕುತ್ತಿದ್ದ. ಪವಿತ್ರ ಬೈಬಲಿನಲ್ಲಿ ಈ ಕಲ್ಲಿಗೆ ದೊಡ್ಡ ಗೌರವವಿದೆ. ಒಂದು ನಾಡು ಹಾಳಾಯಿತು ಎಂದು ಹೇಳಬೇಕಾದಾಗ ಪ್ರವಾದಿ ಯೆರೆಮೀಯ, ಅಲ್ಲಿ ಬೀಸುವ ಕಲ್ಲಿನ ಸದ್ದು ನಿಂತುಹೋಗುತ್ತದೆ ಎಂಬ ಗುರುತು ಕೊಡುತ್ತಾನೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಒಂದು ನಿಯಮವಿದೆ. ಸಾಲ ಕೊಟ್ಟವನು ಬೀಸುಕಲ್ಲನ್ನು ಒತ್ತೆ ಕೇಳಬಾರದು, ಅದರ ಮೇಲಿನ ಹೋಳನ್ನು ಕೂಡ ಒಯ್ಯಬಾರದು. ಏಕೆಂದರೆ ಅದನ್ನು ಒಯ್ದರೆ ಮನೆಯವರ ಪ್ರಾಣವನ್ನೇ ಒತ್ತೆ ಹಿಡಿದ ಹಾಗೆ.

ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಈ ನಿಯಮ ನಮಗೆ ದೂರದ್ದಲ್ಲ. ವಾರದ ಕಂತು ಕಟ್ಟುವ ಕಿರುಸಾಲದ ಗುಂಪುಗಳಲ್ಲಿ ನಿಮ್ಮಲ್ಲಿ ಅನೇಕರಿದ್ದೀರಿ. ವಸೂಲಿಯ ಕಿರುಕುಳ ಮಿತಿಮೀರಿ ಜನ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮನೆ ಬಾಗಿಲಲ್ಲಿ ನಿಂತು ಪಾತ್ರೆ, ಗ್ಯಾಸಿನ ಸಿಲಿಂಡರು ಹೊರಗಿಡಿ ಎನ್ನುವವರಿಗೆ ಮೋಶೆಯ ಕಾನೂನು ಆಗಲೇ ಉತ್ತರ ಕೊಟ್ಟಿದೆ. ಅಡುಗೆಮನೆಯ ಉಪಕರಣ ಸರಕಲ್ಲ.

ಪ್ರಿಯರೇ, ಸಂತ ಯೊವಾನ್ನರ ಶುಭಸಂದೇಶವನ್ನು ಗಮನವಿಟ್ಟು ಓದಿದವರಿಗೆ ಒಂದು ವಿಷಯ ಗೊತ್ತಿದೆ. ಐದು ರೊಟ್ಟಿಗಳ ಅದ್ಭುತವನ್ನು ನಾಲ್ವರು ಶುಭಸಂದೇಶಕಾರರೂ ಹೇಳುತ್ತಾರೆ. ಆದರೆ ಆ ರೊಟ್ಟಿಗಳು ಜವೆಗೋಧಿಯವು ಎಂದು ಹೇಳುವವರು ಯೊವಾನ್ನರು ಮಾತ್ರ. ಆ ನಾಡಿನಲ್ಲಿ ಗೋಧಿ ಉಳ್ಳವರ ಧಾನ್ಯ, ಜವೆಗೋಧಿ ಬಡವರದು. ಆ ಹುಡುಗನ ಬುತ್ತಿಯನ್ನು ಯಾರೋ ತಾಯಿ ಕಟ್ಟಿಕೊಟ್ಟಿರಬೇಕು. ನಮ್ಮ ಕಡೆಯ ಹುಡುಗನಾಗಿದ್ದರೆ ಬಟ್ಟೆಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಇರುತ್ತಿತ್ತು. ಐದು ಸಾವಿರ ಜನ ಉಂಡದ್ದು ಅಂಥ ಬಡ ರೊಟ್ಟಿಯನ್ನು.

ಹಾಗಿದ್ದರೆ ಬಲಿಪೂಜೆಯಲ್ಲಿ ಜೋಳದ ರೊಟ್ಟಿಯನ್ನೇ ಏಕೆ ಅರ್ಪಿಸಬಾರದು ಎಂದು ಯುವಕರು ಕೆಲವರು ನನ್ನನ್ನು ಕೇಳಿದ್ದುಂಟು. ಪ್ರಶ್ನೆ ಒಳ್ಳೆಯದು. ಕಡೆಯ ಭೋಜನದಿಂದ ಬಂದ ಸಂಪ್ರದಾಯವನ್ನು ಹಿಡಿದು ಧರ್ಮಸಭೆ ಶುದ್ಧ ಗೋಧಿಯ ರೊಟ್ಟಿಯನ್ನು ಮಾತ್ರ ಬಳಸುತ್ತದೆ. ಗ್ಲುಟೆನ್ ಪೂರ್ತಿ ಇಲ್ಲದ ರೊಟ್ಟಿ ಸಲ್ಲದು ಎಂದು 2017ರಲ್ಲಿ ರೋಮಿನಿಂದ ಎಲ್ಲ ಧರ್ಮಾಧ್ಯಕ್ಷರಿಗೆ ಬಂದ ಪತ್ರ ಮತ್ತೊಮ್ಮೆ ನೆನಪಿಸಿತು. ನಮ್ಮ ಜೋಳ ಆ ಲೆಕ್ಕದಲ್ಲಿ ಹೊರಗೇ ಉಳಿಯುತ್ತದೆ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಕಾಣಿಕೆಯ ವೇಳೆ ರೊಟ್ಟಿಯನ್ನೆತ್ತಿ ಹಿಡಿದಾಗ ಗುರು ದೇವರಿಗೆ ಎರಡು ವಿಷಯ ಹೇಳುತ್ತಾನೆ. ಇದು ನೆಲ ಕೊಟ್ಟದ್ದು ಎಂಬುದು ಒಂದು. ಮನುಷ್ಯರ ಕೈ ದುಡಿದದ್ದು ಎಂಬುದು ಇನ್ನೊಂದು. ಆ ಎರಡನೆಯ ಮಾತನ್ನು ಹೇಳುವಾಗ ನನ್ನ ಕಣ್ಣಮುಂದೆ ಬರುವುದು ನಿಮ್ಮ ಕೈಗಳೇ.

ಈಗ ಇಂದಿನ ಹಬ್ಬದ ನಡುಮನೆಗೆ ಬರೋಣ. ಪ್ರಭು ಪರಮಪ್ರಸಾದವನ್ನು ಸ್ಥಾಪಿಸಿದ ವೃತ್ತಾಂತ ಮೊದಲು ಬರಹಕ್ಕೆ ಬಂದದ್ದು ಶುಭಸಂದೇಶಗಳಲ್ಲಲ್ಲ, ಸಂತ ಪೌಲರು ಕ್ರಿ.ಶ. 50ರ ದಶಕದಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ. ಆ ಪತ್ರದ 11ನೇ ಅಧ್ಯಾಯದಲ್ಲಿ ಪೌಲರು ಇದನ್ನು ಏಕೆ ಬರೆದರು? ದೈವಶಾಸ್ತ್ರ ಕಲಿಸಲು ಅಲ್ಲ. ಊಟದ ಜಗಳ ಬಿಡಿಸಲು! ಕೊರಿಂಥದ ವಿಶ್ವಾಸಿಗಳು ಪ್ರಭುವಿನ ಭೋಜನಕ್ಕೆ ಒಂದು ಮನೆಯಲ್ಲಿ ಸೇರುತ್ತಿದ್ದರು. ಉಳ್ಳವರು ಬೇಗ ಬಂದು ತಮ್ಮ ಪಾಡಿಗೆ ಹೊಟ್ಟೆ ತುಂಬ ಉಂಡು ಕುಡಿದು ಕುಳಿತಿರುತ್ತಿದ್ದರು. ಕೂಲಿ ಮಾಡುವವರು, ಆಳುಗಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಏನೂ ಉಳಿದಿರುತ್ತಿರಲಿಲ್ಲವೆಂದು ಪಂಡಿತರು ವಿವರಿಸುತ್ತಾರೆ. ಪೌಲರಿಗೆ ಸಿಟ್ಟು ಬಂತು. ಹೀಗೆ ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಕಟುವಾಗಿ ಬರೆದರು. ಬಡವರನ್ನು ನಾಚಿಸಿದಿರಿ ಎಂದರು. ಅಧ್ಯಾಯದ ಕೊನೆಯಲ್ಲಿ ಕೊಟ್ಟ ಅಪ್ಪಣೆ ಬಹಳ ಚಿಕ್ಕದು: ಉಣ್ಣಲು ಸೇರಿದಾಗ ಒಬ್ಬರು ಮತ್ತೊಬ್ಬರಿಗಾಗಿ ಕಾಯಿರಿ. ಪೂಜೆಯಲ್ಲಿ ನಾವು ಭಕ್ತಿಯಿಂದ ಕೇಳುವ ಮಾತುಗಳು ಊಟದ ಸಾಲಿನಲ್ಲಿ ಯಾರು ಹಿಂದೆ ಉಳಿದರು ಎಂಬ ತಕರಾರಿನ ನಡುವಿನಿಂದ ನಮಗೆ ಸಿಕ್ಕಿವೆ.

ನಮ್ಮ ಮನೆಯ ಊಟದ ಸಾಲನ್ನು ನೋಡೋಣ. ಅತಿಥಿ ಬಂದರೆ ಈ ಸೀಮೆಯಲ್ಲಿ ಮೊದಲು ಒಂದು ತಂಬಿಗೆ ನೀರು ಕೊಡುತ್ತಾರೆ, ಕಾಲು ತೊಳೆದು ಒಳಗೆ ಬರಲಿ ಎಂದು. ಕಡೆಯ ಭೋಜನದಂದು ಪ್ರಭು ಶಿಷ್ಯರ ಪಾದ ತೊಳೆದದ್ದನ್ನು ನಿಮ್ಮಷ್ಟು ಸುಲಭವಾಗಿ ಅರ್ಥಮಾಡಿಕೊಳ್ಳುವವರು ಬೇರೆಡೆ ಕಡಿಮೆ. ಆಮೇಲೆ ಗಂಗಾಳ ಬರುತ್ತದೆ, ಬಿಸಿ ರೊಟ್ಟಿ ಬರುತ್ತದೆ, ಪುಂಡಿಪಲ್ಲೆ, ಬೇಳೆ, ಮೊಸರು, ಕೆಂಪು ಖಾರ ಬರುತ್ತವೆ. ಇನ್ನೊಂದು, ಇನ್ನೊಂದು ಎಂದು ಬೇಡವೆಂದರೂ ಹಾಕುತ್ತಾರೆ. ಅತಿಥಿ ಉಂಡ ಮೇಲೆ ಮನೆಯ ಗಂಡಸರು, ಆಮೇಲೆ ಮಕ್ಕಳು, ಅತ್ತೆ. ಒಲೆಯ ಮುಂದೆ ಕುಳಿತವಳು ಎಲ್ಲರಿಗೂ ಬಿಸಿ ರೊಟ್ಟಿ ಕೊಟ್ಟು, ಕೊನೆಗೆ ತನಗೆಂದು ಆರಿದ ಎರಡು ರೊಟ್ಟಿ, ಪಲ್ಲೆಯ ತಳ, ಒಂದಿಷ್ಟು ಖಾರ ಇಟ್ಟುಕೊಳ್ಳುತ್ತಾಳೆ. ಪಲ್ಲೆ ಮುಗಿದಿದ್ದರೆ ನೀರುಮಜ್ಜಿಗೆ. ಬಿಸಿ ಬಿಸಿ ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರ ತಟ್ಟೆಗೆ ಹಾಕಿಸಿಕೊಂಡು ಉಣ್ಣುವ ಸುಖ ಆ ರೊಟ್ಟಿ ಬಡಿದವಳಿಗೆ ವರ್ಷಕ್ಕೆ ಎಷ್ಟು ಸಲ ಸಿಗುತ್ತದೆ?

ಈ ನಾಡಿನ ನಮಸ್ಕಾರವೇ "ಊಟ ಆತೇನ್ರಿ?" ಬಸ್ ನಿಲ್ದಾಣದಲ್ಲಿ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಗುರುಗಳ ಮನೆ ಬಾಗಿಲಲ್ಲಿ ಕೇಳುತ್ತಾರೆ. ಒಲೆಯ ಮುಂದೆ ಕುಳಿತವಳನ್ನು ಮನೆಯೊಳಗೇ ಹೀಗೆ ಕೇಳುವುದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ.

ಇದು ಬರೀ ಮರ್ಯಾದೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಕಾರಣಗಳು ಹಲವು ಇವೆ ಎಂದು ವೈದ್ಯರು ಹೇಳುತ್ತಾರೆ, ನಾನು ವೈದ್ಯನಲ್ಲ. ಆದರೆ ಬೇಳೆ, ಸೊಪ್ಪು, ಮೊಟ್ಟೆ, ಮಾಂಸ ಇವುಗಳಲ್ಲಿ ಕೊನೆಗೆ ಉಣ್ಣುವವಳಿಗೆ ಉಳಿಯುವುದು ಎಷ್ಟು ಎಂದು ತಿಳಿಯಲು ವೈದ್ಯನಾಗಬೇಕಿಲ್ಲ, ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಸಾಕು. ಕ್ರಿಸ್ತರ ಶರೀರ ಮತ್ತು ರಕ್ತದ ಹಬ್ಬದ ದಿನ ನಮ್ಮ ತಾಯಂದಿರ ರಕ್ತದ ಮಾತು ಆಡದಿದ್ದರೆ ಹೇಗೆ?

ಗಂಡಸರು ಅಡುಗೆಮನೆಗೆ ಹೋದರೆ ಮರ್ಯಾದೆ ಹೋಗುತ್ತದೆ ಎನ್ನುವ ಹಿರಿಯರಿಗೆ ಸಂತ ಲೂಕರ 22ನೇ ಅಧ್ಯಾಯವನ್ನು ತೋರಿಸಬೇಕೆನಿಸುತ್ತದೆ. ಪಾಸ್ಕ ಭೋಜನ ಸಿದ್ಧಮಾಡಲು ಪ್ರಭು ಯಾರನ್ನು ಕಳುಹಿಸಿದರು? ಪೇತ್ರ ಮತ್ತು ಯೊವಾನ್ನರನ್ನು! ಅದೂ ಒಂದು ಗುರುತು ಹೇಳಿ ಕಳುಹಿಸಿದರು: ಊರಿನಲ್ಲಿ ನೀರಿನ ಕೊಡ ಹೊತ್ತ ಗಂಡಸೊಬ್ಬ ಸಿಗುತ್ತಾನೆ, ಅವನ ಹಿಂದೆ ಹೋಗಿರಿ ಎಂದು. ಆ ಕಾಲದಲ್ಲಿ ನೀರು ಹೊರುವುದು ಹೆಂಗಸರ ಕೆಲಸ. ಕೊಡ ಹೊತ್ತ ಗಂಡಸು ಇಡೀ ಯೆರೂಸಲೇಮಿನಲ್ಲಿ ಸುಲಭವಾಗಿ ಗುರುತು ಸಿಗುತ್ತಿದ್ದ, ನಮ್ಮ ಊರುಗಳಲ್ಲಿ ಇವತ್ತೂ ಸಿಗುತ್ತಾನೆ. ಮೊದಲ ಪರಮಪ್ರಸಾದದ ಕೋಣೆಗೆ ದಾರಿ ತೋರಿಸಿದವನು ಅವನು. ಇನ್ನೂ ಮುಂದೆ ಹೋಗೋಣ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಂಡೆಯಲ್ಲಿ, ರಾತ್ರಿಯೆಲ್ಲಾ ದುಡಿದರೂ ಏನೂ ಸಿಗದಿದ್ದ ಶಿಷ್ಯರಿಗಾಗಿ ಕೆಂಡದ ಬೆಂಕಿ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದವರು ಪ್ರಭುವೇ. ಮರಣವನ್ನು ಜಯಿಸಿ ಬಂದವರು ಕೆಂಡ ಊದುತ್ತಾ ಕುಳಿತಿದ್ದರು! ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರಿಬ್ಬರು ಮೈಲುಗಟ್ಟಲೆ ಪ್ರಭುವಿನ ಪ್ರಬೋಧನೆ ಕೇಳಿದರೂ ಗುರುತು ಹಿಡಿಯಲಿಲ್ಲ. ರೊಟ್ಟಿ ಮುರಿದ ಕೈಯನ್ನು ನೋಡಿದಾಗ ಹಿಡಿದರು. ಪ್ರಬೋಧನೆ ಉದ್ದವಾಯಿತೆಂದು ಕೆಲವರು ಗಡಿಯಾರ ನೋಡುತ್ತಿದ್ದೀರಿ, ಈ ಮಾತು ನಿಮ್ಮ ಪರವಾಗಿಯೇ ಇದೆ.

ಮನೆಯ ಸಾಲಿನಷ್ಟೇ ಊರಿನ ಸಾಲೂ ಮುಖ್ಯ. ನಮ್ಮಲ್ಲಿ ಅನೇಕರ ಅಜ್ಜಂದಿರು ಪಂಕ್ತಿಯಿಂದ ಹೊರಗೆ ಕುಳಿತು, ಮೇಲಿನಿಂದ ಹಾಕಿದ ರೊಟ್ಟಿಯನ್ನು ಸೆರಗಿನಲ್ಲೋ ಟವೆಲ್ಲಿನಲ್ಲೋ ಹಿಡಿದು ಉಂಡವರು. ಆ ನೆನಪು ಮುಪ್ಪಿನವರ ಮುಖದಲ್ಲಿ ಈಗಲೂ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದಾಗ ಆಯ್ದ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗವೂ ಇತ್ತು, ನಾವೆಲ್ಲಾ ಆಗ ಆ ಜಿಲ್ಲೆಯಲ್ಲೇ ಇದ್ದೆವು. ಎಲ್ಲ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಒಂದೇ ಒಲೆಯ ಅನ್ನ ಉಂಡರು. ಅದು ಸಣ್ಣ ಸಂಗತಿಯಲ್ಲ. ಹೀಗಿರುವಾಗ ನಮ್ಮ ದೇವಾಲಯದ ಹಬ್ಬದ ಊಟದಲ್ಲಿಯೇ ಓಣಿಗೊಂದು ಗುಂಪಾಗಿ ಕೂರುವುದನ್ನು, ಇಂಥವರ ಮನೆಯ ಬುತ್ತಿ ಬೇಡ ಎಂದು ಮೆಲ್ಲಗೆ ಸರಿಸುವುದನ್ನು ಕಂಡರೆ ನನಗೆ ಕೊರಿಂಥದ ನೆನಪಾಗುತ್ತದೆ. ಒಂದೇ ಪಾತ್ರೆಯಿಂದ ಪ್ರಭುವನ್ನು ಸ್ವೀಕರಿಸಿದ ನಾಲಗೆಗೆ ಹತ್ತು ನಿಮಿಷದ ನಂತರ ನೆರೆಯವಳ ರೊಟ್ಟಿ ರುಚಿಸದೇ?

ಈ ವಿದ್ಯೆ ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಭತ್ತ, ಹತ್ತಿ ನಿಂತವು. 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು. ಹಸಿವು ತಗ್ಗಿದ್ದಕ್ಕೆ ದೇವರಿಗೆ ಸ್ತೋತ್ರ. ಜೋಳ ಮಾತ್ರ ಒಂದೊಂದೇ ಹೊಲದಿಂದ ಹಿಂದೆ ಸರಿಯಿತು. ಅದೇ ಜೋಳ ಪೇಟೆಯಲ್ಲಿ ಸಿರಿವಂತರ ತಟ್ಟೆಗೆ ಏರಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಬೆಂಗಳೂರಿನ ಹೋಟೆಲುಗಳ ಫಲಕಗಳಲ್ಲಿ ಜೋಳದ ರೊಟ್ಟಿ ದೊಡ್ಡ ಅಕ್ಷರದಲ್ಲಿದೆ. ಆ ಹೋಟೆಲಿನ ಪಕ್ಕದ ಕಟ್ಟಡದ ಕೆಲಸಕ್ಕೆ ಗುಳೆ ಹೋದ ನಮ್ಮ ಕುಟುಂಬ ತಗಡಿನ ಶೆಡ್ಡಿನ ಮುಂದೆ ಮೂರು ಇಟ್ಟಿಗೆಯ ಒಲೆ ಹೂಡಿ, ಊರಿನಿಂದ ಒಯ್ದ ಹಂಚಿನ ಮೇಲೆ ಅದೇ ರೊಟ್ಟಿ ಬೇಯಿಸುತ್ತಿದೆ. ಗುಳೆ ಹೊರಡುವ ಮುನ್ನ ವಾರವಿಡೀ ಬಡಿದು, ಒಲೆಯ ಬಗಲಲ್ಲಿ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿಯ ಚೀಲಗಳು ನಿಮಗೆ ಗೊತ್ತೇ ಇವೆ. ನೀರಿನಂಶವೆಲ್ಲಾ ಹೋಗಿರುವುದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ಇಸ್ರಾಯೇಲರು ಹುಳಿ ಬರಿಸದ ಹಿಟ್ಟನ್ನು ಹೆಗಲ ಮೇಲೆ ಹೊತ್ತು ಐಗುಪ್ತದಿಂದ ಅವಸರದಲ್ಲಿ ಹೊರಟದ್ದನ್ನು ಓದುವಾಗ ನನಗೆ ಕಾಣುವುದು ಯಾದಗಿರಿ ರೈಲು ನಿಲ್ದಾಣದ ಫ್ಲಾಟ್‌ಫಾರಂ.

ಇನ್ನೊಂದು ಬದಿಯೂ ಇದೆ. ನೆರೆಯ ಕಲಬುರಗಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿ ಮಾರಿ ಸಂಪಾದಿಸುತ್ತಿದ್ದಾರೆ. ನಮ್ಮ ಊರುಗಳಲ್ಲೂ ಖಾನಾವಳಿಗಳಿಗೆ, ಮದುವೆಮನೆಗಳಿಗೆ ಬಡಿದುಕೊಡುವ ತಾಯಂದಿರಿದ್ದಾರೆ. ದುಡ್ಡು ಬಂದ ಮೇಲೆ ಅದೇ ಕೆಲಸಕ್ಕೆ ಕೆಲಸ ಎಂಬ ಹೆಸರೂ ಬಂತು. ಒಬ್ಬ ಹಿರಿಯ ತಾಯಿ ನನಗೆ ಹೇಳಿದ ಮಾತು ಇದು: "ಸ್ವಾಮೇರ, ಮೊದಲ ರೊಕ್ಕ ಬಂದ ದಿನ ನಮ್ಮ ಯಜಮಾನರು ನಂಗ ನೀರು ತಂದ್ಕೊಟ್ರು." ನಕ್ಕುಬಿಟ್ಟಳು. ನಾನೂ ನಕ್ಕೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು ಎಂದರೆ ನನ್ನ ಬಳಿ ದೊಡ್ಡ ಯೋಜನೆಗಳಿಲ್ಲ. ಈ ವಾರ ಒಂದು ದಿನ, ಒಂದೇ ದಿನ, ಮನೆಯ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ರೊಟ್ಟಿ ಎಲ್ಲಾ ಆಗುವವರೆಗೆ ಕಾಯಿರಿ. ಕಡೆಯ ನಾಲ್ಕು ಬಿಸಿ ರೊಟ್ಟಿಗಳು ಬಡಿದವಳ ತಟ್ಟೆಗೆ ಹೋಗಲಿ. ಗಂಡುಮಕ್ಕಳಿಗೂ ಹಿಟ್ಟು ನಾದುವುದನ್ನು ಕಲಿಸಿರಿ. ಮೊದಲ ರೊಟ್ಟಿ ಭಾರತದ ನಕ್ಷೆಯಂತೆ ಬರುತ್ತದೆ, ಹೆಣ್ಣುಮಕ್ಕಳದ್ದೂ ಮೊದಲು ಹಾಗೆಯೇ ಬಂದಿತ್ತು. ಗುಳೆ ಹೋಗಿ ಶಾಲೆ ಬಿಟ್ಟ ಹುಡುಗಿಗೆ ರೊಟ್ಟಿ ಬಂದರೆ ಸಾಕು ಎನ್ನಬೇಡಿ. ಅವಳಿಗೆ ರೊಟ್ಟಿಯೂ ಬರಲಿ, ಪುಸ್ತಕವೂ ಬರಲಿ.

ಇಂದು ಬಲಿಪೂಜೆ ಮತ್ತು ಪರಮಪ್ರಸಾದದ ಮೆರವಣಿಗೆಯ ನಂತರ ದೇವಾಲಯದ ಅಂಗಳದಲ್ಲಿ ಊಟವಿದೆ. ಎರಡು ದಿನದಿಂದ ಹದಿನಾಲ್ಕು ಮಂದಿ ತಾಯಂದಿರು ಅದಕ್ಕಾಗಿ ರೊಟ್ಟಿ ಬಡಿದಿದ್ದಾರೆ. ಅವರು ಮೊದಲ ಪಂಕ್ತಿಯಲ್ಲಿ ಕೂರಬೇಕು, ಬಡಿಸಲು ಏಳಬಾರದು. ಬಡಿಸುವವರು ಯುವಕರ ಸಂಘದವರು ಮತ್ತು ಪಾಲನಾ ಸಮಿತಿಯ ಗಂಡಸರು, ಪಲ್ಲೆಯ ಬಕೆಟ್ಟು ನನ್ನ ಕೈಯಲ್ಲಿರುತ್ತದೆ. ಓಣಿಯವರು ಓಣಿಯವರೊಂದಿಗೇ ಕೂರದೆ, ದೇವಾಲಯದಿಂದ ಹೊರಬಂದ ಸಾಲಿನಂತೆಯೇ ಕೂತುಕೊಳ್ಳಿರಿ. ಕಾಲು ತೊಳೆಯಲು ನೀರಿನ ತಂಬಿಗೆಗಳನ್ನು ಬಲಗಡೆಯ ಬೇವಿನ ಮರದ ಕೆಳಗೆ ಇಟ್ಟಿದ್ದಾರೆ, ನೀರು ಕಡಿಮೆ ಇದೆ, ಮಕ್ಕಳು ಚೆಲ್ಲದಂತೆ ನೋಡಿಕೊಳ್ಳಿ.

ಈಗ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳೋಣ.